ಮೂರು ಬಾಯಿಯ ಮಾತು

ಪರಭಾಷೆಯ ಸಿನಿಮಾದಲ್ಲಿ ಹೀರೋ ತನ್ನ ಪ್ರೀತಿ ಹೇಳಿಕೊಳ್ಳುವುದಕ್ಕೆ ಮೂರೇ ಮೂರು ಸಲ ಬಾಯಿ ತೆರೆಯುತ್ತಾನೆ. ಬೇಕಾದರೆ ಎಣಿಸಿ ನೋಡಿ. ಅದೇ ಮಾತನ್ನು ಕನ್ನಡದಲ್ಲಿ ಹೇಳಿಸಿ: ‘ನಾನು ನಿನ್ನನ್ನು ಪ್ರೀತಿಸುತ್ತೇನೆ.’ ಹತ್ತು ಸಲ ಬಾಯಿ ತೆರೆಯಬೇಕು. ಮೂರು ಬಾಯಿಯ ಜಾಗಕ್ಕೆ ಹತ್ತು ಬಾಯಿಯ ಮಾತು ತುರುಕಿದರೆ ಏನಾಗುತ್ತದೆ? ಹೀರೋ ಮಾತು ಮುಗಿಸಿ, ಹೀರೋಯಿನ್ನನ್ನು ತಬ್ಬಿಕೊಂಡು, ಅವಳ ಹೆಗಲ ಮೇಲೆ ಗಲ್ಲ ಊರಿ ಕಣ್ಣು ಮುಚ್ಚಿದ ಮೇಲೂ ಅವನ ಮುಚ್ಚಿದ ಬಾಯಿಂದ ‘...ಸುತ್ತೇನೆ’ ಅಂತ ಹೊರಗೆ ಬರುತ್ತಲೇ ಇರುತ್ತದೆ. ಹಾಲ್‌ನಲ್ಲಿ ಕೂತವರು ಬಿದ್ದು ಬಿದ್ದು ನಗುತ್ತಾರೆ, ಅದೂ ಅಳಬೇಕಾದ ಜಾಗದಲ್ಲಿ.

ಈ ಅನಾಹುತ ಆಗದ ಹಾಗೆ ನೋಡಿಕೊಳ್ಳುವುದೇ ಟೈಲರಕ್ಕನ ಹೊಟ್ಟೆಪಾಡು. ಟೈಲರಕ್ಕ ಅಂದರೆ ಬಟ್ಟೆ ಹೊಲಿಯುವವಳಲ್ಲ. ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಡಬ್ಬಿಂಗ್ ಸ್ಟುಡಿಯೋ. ಅಲ್ಲಿ ಪರಭಾಷೆಯ ನಟನಟಿಯರ ಬಾಯಿಯ ಅಳತೆ ತೆಗೆದು, ಅದಕ್ಕೆ ಸರಿಯಾಗಿ ಕನ್ನಡದ ಮಾತು ಕತ್ತರಿಸಿ ಹೊಲಿದು ಕೊಡುವವಳು ಅವಳು. ಒಂದು ಸಲ ಬಾಯಿ ತೆರೆದರೆ ಅದು ಒಂದು ‘ಬಾಯಿ’. ಪ, ಬ, ಮ ಬಂದಾಗ ತುಟಿ ಕೂಡುತ್ತದಲ್ಲ, ಅದು ‘ಮುಚ್ಚು’. ‘ಐದು ಬಾಯಿ, ಎರಡನೇದು ಮುಚ್ಚು’ ಅಂದರೆ ಸಾಕು, ಪೆನ್ಸಿಲ್ಲನ್ನು ಎರಡು ಸಲ ಕಚ್ಚಿ ಮಾತು ಹುಟ್ಟಿಸಿಬಿಡುತ್ತಿದ್ದಳು. ಹನ್ನೊಂದು ವರ್ಷದಿಂದ ಇದೇ ಕಸುಬು ಮಾಡಿ ಮಾಡಿ, ಬಸ್‌ಸ್ಟಾಪಿನ ಆಚೆ ಬದಿಯಲ್ಲಿ ನಿಂತ ಗಂಡಹೆಂಡತಿ ಯಾವ ವಿಷಯಕ್ಕೆ ಕಿತ್ತಾಡುತ್ತಿದ್ದಾರೆ ಅಂತ ಈಚೆ ಬದಿಯಿಂದಲೇ ಹೇಳುವಷ್ಟು ಪಳಗಿಬಿಟ್ಟಿದ್ದಳು.

ಆ ಸ್ಟುಡಿಯೋಗೆ ಬರುತ್ತಿದ್ದುದೆಲ್ಲ ಹೆಂಗಸರ ಪಿಕ್ಚರುಗಳು. ಮೊದಲರ್ಧ ಜಗಳ, ಛತ್ರಿ, ತಪ್ಪು ವಿಳಾಸಕ್ಕೆ ಹೋದ ಕಾಗದ. ಎರಡನೇ ಅರ್ಧ ಆಸ್ಪತ್ರೆ, ಇಲ್ಲವೆ ರೈಲ್ವೆ ಸ್ಟೇಷನ್. ಇಂಥವನ್ನು ಕಂಡರೆ ಮೂಗು ಮುರಿಯುವ ಗಂಡಸರಿದ್ದಾರೆ. ಮುರಿಯಲಿ ಬಿಡಿ. ಮಧ್ಯಾಹ್ನದ ಆಟದ ಕೊನೆ ಸಾಲಿನಲ್ಲಿ ‘ಹೆಂಡತಿ ಎಳ್ಕೊಂಡು ಬಂದ್ಲು’ ಅಂತ ಹೇಳಿಕೊಂಡು ಕೂತು, ದೀಪ ಹತ್ತುವ ಮುಂಚೆ ಅವಸರವಸರವಾಗಿ ಕನ್ನಡಕ ಒರೆಸಿಕೊಳ್ಳುವವರೂ ಅವರೇ.

ಟೈಲರಕ್ಕನಿಗೆ ಮನೆಯಲ್ಲೇ ಒಬ್ಬರು ಪರೀಕ್ಷಕರಿದ್ದರು, ಅವಳ ಅಮ್ಮ. ಪ್ರತಿ ವಾರ ನಾಲ್ಕು ಜನ ಗೆಳತಿಯರ ಜೊತೆ ಮಧ್ಯಾಹ್ನದ ಆಟಕ್ಕೆ ಹೋಗಿ, ಬಂದು, ಮಗಳು ಮನೆಗೆ ಕಾಲಿಡುವ ಹೊತ್ತಿಗೆ ತೀರ್ಪು ಸಿದ್ಧ ಮಾಡಿಟ್ಟುಕೊಂಡಿರುತ್ತಿದ್ದರು. ತೀರ್ಪು ಕರವಸ್ತ್ರದ ಲೆಕ್ಕದಲ್ಲಿ. ಒಂದು ಕರವಸ್ತ್ರ ಅಂದರೆ ಪರವಾಗಿಲ್ಲ, ಮೂರಾದರೆ ಅಮೋಘ. ಒಮ್ಮೆ ಮಾತ್ರ ಮಾನ ಹರಾಜಾಗಿತ್ತು. ಮೂರು ಬಾಯಿಯ ಪ್ರೀತಿಯ ಮಾತಿಗೆ ಟೈಲರಕ್ಕ ತುಂಬ ಯೋಚಿಸಿ ‘ನೀ ಸಾಕು’ ಅಂತ ಬರೆದಿದ್ದಳು. ನೀನೊಬ್ಬಳಿದ್ದರೆ ಸಾಕು, ಇನ್ನೇನೂ ಬೇಡ ಅನ್ನುವ ಅರ್ಥದಲ್ಲಿ. ಹೀರೋಗೆ ದನಿ ಕೊಟ್ಟ ಮಹಾರಾಯ ಅದನ್ನು ಸ್ವಲ್ಪ ಗಟ್ಟಿಯಾಗಿ ಅಂದುಬಿಟ್ಟ.

‘ಅಲ್ವೇ, ನಿನ್ನ ಸಹವಾಸ ಸಾಕು ಅಂತ ಮುಖಕ್ಕೆ ಹೊಡೆದ ಹಾಗೆ ಅಂದ. ಆಮೇಲೂ ಆ ಹುಡುಗಿ ಹೋಗಿ ಅವನನ್ನ ತಬ್ಕೊಂಡ್ಲಲ್ಲ, ಮಾನ ಮರ್ಯಾದೆ ಇಲ್ವಾ ಅವಳಿಗೆ?’ ಎಂದರು ಅಮ್ಮ.

ಅಂದು ಟೈಲರಕ್ಕನಿಗೆ ಊಟ ಸೇರಲಿಲ್ಲ.

ಪ್ರೀತಿಯ ಮಾತನ್ನು ಊರಿಗೆಲ್ಲ ಹೊಲಿದು ಕೊಟ್ಟವಳಿಗೆ ತನ್ನ ಪಾಲಿಗೆ ಮಾತ್ರ ಒಂದು ತುಂಡೂ ಸಿಕ್ಕಿರಲಿಲ್ಲ. ಮೂವತ್ತೊಂಬತ್ತು ವರ್ಷ. ಮದುವೆಯ ಮಾತು ಎರಡು ಮೂರು ಸಲ ಬಂದು, ತಾನಾಗೇ ಹೋಗಿತ್ತು. ಅವಳಿಗೂ ಬೇಜಾರಿರಲಿಲ್ಲ. ಬೇಜಾರು ಶುರುವಾಗಿದ್ದು ಆರು ವರ್ಷದ ಹಿಂದೆ ರೆಕಾರ್ಡಿಸ್ಟ್ ಬಂದ ಮೇಲೆ. ಮುಚ್ಚುಮರೆ ಯಾಕೆ, ಅವಳಿಗೆ ಅವನ ಮೇಲೆ ಮನಸ್ಸಿತ್ತು. ಬೇಕಾದಷ್ಟಿತ್ತು.

ರೆಕಾರ್ಡಿಸ್ಟ್‌ಗೆ ಸ್ಟುಡಿಯೋದಲ್ಲಿ ಇಟ್ಟ ಹೆಸರು ‘ಇನ್ನೊಂದ್ಸಲ ಸಾರ್’. ನಲವತ್ತೈದರ ಬ್ರಹ್ಮಚಾರಿ, ತೆಳ್ಳಗೆ, ಸದಾ ಅದೇ ಬೂದು ಸ್ವೆಟರು. ದಪ್ಪ ಗಾಜಿನ ಆ ಕಡೆ ಮೆಷಿನ್ ಮುಂದೆ ಅವನು. ಈ ಕಡೆಯ ಕೋಣೆಯಲ್ಲಿ ಮೈಕಿನ ಎದುರು ದನಿ ಕೊಡುವವರು, ಅವರ ಪಕ್ಕದ ಕುರ್ಚಿಯಲ್ಲಿ ಪೆನ್ಸಿಲ್ ಹಿಡಿದ ಟೈಲರಕ್ಕ. ಅವನ ಮಾತು ಈ ಕಡೆಗೆ ಕೇಳಬೇಕಾದರೆ ಅವನು ಒಂದು ಕೆಂಪು ಗುಂಡಿ ಒತ್ತಬೇಕು. ಒತ್ತಿದರೆ ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: ‘ಇನ್ನೊಂದ್ಸಲ.’ ಚೆನ್ನಾಗಿ ಹೇಳಿದರೂ ಇನ್ನೊಂದ್ಸಲ, ಕೆಡಿಸಿದರೂ ಇನ್ನೊಂದ್ಸಲ.

ಅವನು ಕಲ್ಲಲ್ಲ ಅಂತ ಟೈಲರಕ್ಕನಿಗೆ ಗೊತ್ತಿತ್ತು. ಅವಳ ಕುರ್ಚಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ ಮೆತ್ತನೆ ದಿಂಬು ಬಂತು. ಕೇಳಿದ್ದಕ್ಕೆ, ‘ಕುರ್ಚಿ ಕಿರುಗುಟ್ಟುತ್ತೆ ಮೇಡಂ, ಮೈಕಿಗೆ ಬರುತ್ತೆ’ ಅಂದ. ಅವಳಿಗೆ ಕೆಮ್ಮು ಹತ್ತಿದಾಗ ಗಂಟಲಿನ ಗುಳಿಗೆ ತಂದಿಟ್ಟ. ‘ಕೆಮ್ಮು ಮೈಕಿಗೆ ಬರುತ್ತೆ.’ ನಾಲ್ಕು ಗಂಟೆಗೆ ತನ್ನ ಫ್ಲಾಸ್ಕಿನ ಮುಚ್ಚಳದಲ್ಲಿ ಅವಳಿಗೆ ಟೀ ಕೊಡುವುದು ಆರು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಅದಕ್ಕೂ ಅವನ ಹತ್ತಿರ ಕಾರಣವಿತ್ತು: ‘ಹಸಿದ ಹೊಟ್ಟೆ ಗುರ್ ಅನ್ನುತ್ತೆ. ಅದೂ ಮೈಕಿಗೆ ಬರುತ್ತೆ.’ ಮೈಕಿಗೆ ಬರದ ಮಾತು ಒಂದೇ ಒಂದು ಆಡಿದ್ದರೆ ಇವನ ಗಂಟೇನು ಹೋಗುತ್ತಿತ್ತು ಅಂತ ಟೈಲರಕ್ಕ ಒಳಗೊಳಗೇ ಹಲ್ಲು ಕಡಿಯುತ್ತಿದ್ದಳು. ತಾನಾಗಿ ಬಾಯಿ ಬಿಡಲು ಅವಳಿಗೂ ಸ್ವಾಭಿಮಾನ ಅಡ್ಡ.

ಹೀಗಿರುವಾಗ ದೂರದ ಊರಿನಿಂದ ಕರೆ ಬಂತು. ದೊಡ್ಡ ಸೀರಿಯಲ್ ಕಂಪನಿ. ಒಂದೂವರೆ ಪಟ್ಟು ಸಂಬಳ, ಇರಲು ಮನೆ. ಸೀರಿಯಲ್ಲಿಗೆ ಮಾತು ಬರೆಯಬೇಕು, ಅಷ್ಟೇ. ಅಲ್ಲಿ ಬಾಯಿ ಎಣಿಸುವ ಕಷ್ಟವೇ ಇಲ್ಲ. ಕನ್ನಡದವರೇ ಕನ್ನಡದಲ್ಲೇ ಎಷ್ಟುದ್ದ ಬೇಕಾದರೂ ಗೋಳಾಡಬಹುದು. ಆ ಕಂಪನಿಯವರು ಇದನ್ನೊಂದು ಸುಖ ಅಂತ ಹೇಳಿದರು. ಟೈಲರಕ್ಕನಿಗೆ ಮಾತ್ರ ಅಳತೆ ತೆಗೆಯದೆ ಬಟ್ಟೆ ಹೊಲಿ ಅಂದ ಹಾಗಾಯಿತು. ಆದರೂ ಬಿಡುವುದು ಹೇಗೆ? ಇಲ್ಲಿ ಅವಳನ್ನು ಹಿಡಿದಿಟ್ಟುಕೊಳ್ಳಲು ಇದ್ದದ್ದಾದರೂ ಏನು, ಒಂದು ಫ್ಲಾಸ್ಕಿನ ಮುಚ್ಚಳ ತಾನೆ? ಅಮ್ಮ, ‘ನೀನು ಎಲ್ಲಿರ್ತೀಯೋ ನಾನು ಅಲ್ಲಿ. ಆ ಊರಲ್ಲಿ ಮಧ್ಯಾಹ್ನದ ಆಟ ಇದೆಯಾ ಅಂತ ವಿಚಾರಿಸು, ಸಾಕು’ ಅಂದುಬಿಟ್ಟಿದ್ದರು. ಶುಕ್ರವಾರ ಹನ್ನೆರಡು ಗಂಟೆಗೆ ಕಂಪನಿಯವರು ಫೋನ್ ಮಾಡುತ್ತಾರೆ. ಹೂಂ ಅಥವಾ ಊಹೂಂ.

ಸೋಮವಾರ ಅವಳು ಸ್ಟುಡಿಯೋದಲ್ಲಿ ವಿಷಯ ಹೇಳಿದಳು. ಎಲ್ಲರಿಗೂ ಅಂತ ಹೇಳಿದ್ದು ನಿಜ, ಆದರೆ ಕಣ್ಣಿದ್ದದ್ದು ಗಾಜಿನ ಕಡೆ.

ಮೊದಲು ಅತ್ತವಳು ಅಳುವತ್ತೆ. ಅಳುವತ್ತೆಯ ಕೆಲಸವೇ ಅದು, ಹೀರೋಯಿನ್ನಿಗೆ, ಹೀರೋಯಿನ್ನಿನ ತಾಯಿಗೆ, ಬೇಕಾದರೆ ಪಕ್ಕದ ಮನೆಯವಳಿಗೂ ಅಳುವುದು. ‘ಎಷ್ಟು ಬೇಕು ಹೇಳಮ್ಮ? ಮುಸಿಮುಸಿನಾ, ಬಿಕ್ಕಿ ಬಿಕ್ಕಿನಾ, ಗೋಳೋ ಅಂತಲಾ?’ ಎಂದು ಕೇಳಿ, ಬಿಸಿನೀರು ಕುಡಿದು, ಹೇಳಿದ ಅಳತೆಗೆ ಅತ್ತು, ಸರಕ್ಕನೆ ನಿಲ್ಲಿಸಿ ಮೊಮ್ಮಗುವಿನ ಸ್ವೆಟರು ಹೆಣೆಯಲು ಕೂರುವ ಹೆಂಗಸು. ಅವಳು ಅಂದು ಮುಸಿಮುಸಿ ಅತ್ತಳು. ನಿಜವಾದ ಅಳುವೋ ಕಸುಬಿನದೋ ಅವಳಿಗೇ ಗೊತ್ತಾಗಲಿಲ್ಲ.

ಗಾಜಿನ ಆಚೆ ರೆಕಾರ್ಡಿಸ್ಟ್ ಸ್ವಲ್ಪ ಹೊತ್ತು ಮೆಷಿನ್ ನೋಡಿದ. ಆಮೇಲೆ ಗುಂಡಿ ಒತ್ತಿದ. ‘ಒಳ್ಳೇದು ಮೇಡಂ.’ ಗುಂಡಿ ಬಿಟ್ಟ. ಮತ್ತೆ ಒತ್ತಿದ. ಟೈಲರಕ್ಕ ಪೆನ್ಸಿಲ್ ಕೆಳಗಿಟ್ಟಳು.

‘ಅತ್ತೆ, ನೀವು ಇನ್ನೊಂದ್ಸಲ’ ಅಂದ.

ಥೂ ನಿನ್ನ, ಅಂದುಕೊಂಡಳು ಟೈಲರಕ್ಕ.

ಅದೇ ವಾರ ಕೈಗೆ ಬಂದ ಪಿಕ್ಚರು ಇನ್ನೊಂದು ತಲೆನೋವು. ಸ್ಟುಡಿಯೋದ ಯಜಮಾನರು ಅಗ್ಗಕ್ಕೆ ಸಿಕ್ಕಿತೆಂದು ಹಿಡಿದು ತಂದದ್ದು. ನೋಡಿದರೆ ಕೊನೆಯ ಮೂರು ನಿಮಿಷಕ್ಕೆ ದನಿಯೇ ಇಲ್ಲ. ಚಿತ್ರ ಇದೆ, ಸದ್ದಿಲ್ಲ. ಮಾತಿನ ಪ್ರತಿಯಲ್ಲೂ ಕೊನೆ ಹಾಳೆ ಮಾಯ. ಮಾರಿದವನು ಫೋನ್ ಎತ್ತುತ್ತಿಲ್ಲ. ಆ ಮೂರು ನಿಮಿಷದಲ್ಲಿ ಹೀರೋಯಿನ್ ರೈಲು ಹತ್ತಿ ಕೂತಿದ್ದಾಳೆ. ಕಿಟಕಿಯ ಗಾಜು ಮುಚ್ಚಿದೆ. ಪ್ಲಾಟ್‌ಫಾರಂ ಮೇಲೆ ಹೀರೋ ಓಡಿ ಬಂದು ಗಾಜಿನ ಎದುರು ನಿಲ್ಲುತ್ತಾನೆ, ಏನೋ ಹೇಳುತ್ತಾನೆ. ಹೀರೋಯಿನ್ನಿನ ಕಣ್ಣು ತುಂಬುತ್ತದೆ. ಎದ್ದು ನಿಲ್ಲುತ್ತಾಳೆ. ಅಷ್ಟೇ. ಪರದೆ ಬೆಳ್ಳಗಾಗಿ ಹೆಸರುಗಳು ಬರುತ್ತವೆ. ಎದ್ದದ್ದು ಇಳಿಯುವುದಕ್ಕೋ, ಬಾಗಿಲ ಹತ್ತಿರ ಹೋಗಿ ಕೈ ಬೀಸುವುದಕ್ಕೋ, ಆ ದೇವರಿಗೇ ಗೊತ್ತು.

ಹೀರೋ ಹೇಳಿದ್ದು ಮೂರು ಬಾಯಿ. ಮೊದಲನೆಯದು ದುಂಡಗೆ. ಎರಡನೆಯದು ಮುಚ್ಚಿ, ತೆರೆದು, ತುಟಿ ಅಗಲ. ಮೂರನೆಯದರ ಹೊತ್ತಿಗೆ ಗಾಜಿನ ಮೇಲೆ ಬಿಸಿಲು ಹೊಳೆದು ಬಾಯಿ ಕಾಣುವುದೇ ಇಲ್ಲ. ಟೈಲರಕ್ಕ ಪೆನ್ಸಿಲ್ ಕಚ್ಚಿದಳು. ರೈಲು, ಬೀಳ್ಕೊಡುಗೆ, ದುಂಡು, ಮುಚ್ಚು, ಅಗಲ. ಕ್ಷಣದಲ್ಲಿ ಹೊಳೆಯಿತು: ‘ಹೋಗ್ಬೇಡ.’

ಮರುಕ್ಷಣ ಇನ್ನೊಂದೂ ಹೊಳೆಯಿತು: ‘ಹೋಗ್ಬಿಡು.’

ಎರಡೂ ಅಳತೆಗೆ ಕೂರುತ್ತವೆ. ಒಂದೇ ಒಂದು ಸ್ವರ ಆಚೀಚೆ. ‘ಬೇ’ ಅಂದರೆ ಅವಳು ಇಳಿಯುತ್ತಾಳೆ, ಶುಭಂ. ‘ಬಿ’ ಅಂದರೆ ಅವನು ಅವಳ ಒಳ್ಳೆಯದಕ್ಕಾಗಿ ಕಳಿಸಿಕೊಡುತ್ತಿದ್ದಾನೆ, ಮೂರು ಕರವಸ್ತ್ರ.

ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ‘ಏನಮ್ಮ ಟೈಲರಮ್ಮ, ನಗೋ ಪಿಕ್ಚರ್ರಾ, ಅಳೋ ಪಿಕ್ಚರ್ರಾ, ಮೊದಲು ಹೇಳು. ಪೋಸ್ಟರಿನವನು ಎರಡೂ ಮಾಡಿಟ್ಕೊಂಡು ಕೂತಿದ್ದಾನೆ. ಒಂದರಲ್ಲಿ ಹಲ್ಲು ಬಿಡ್ತಿದ್ದಾರೆ, ಇನ್ನೊಂದರಲ್ಲಿ ಕಣ್ಣೀರು.’

‘ಶುಕ್ರವಾರದೊಳಗೆ ಹೇಳ್ತೀನಿ ಸಾರ್’ ಅಂದಳು. ಎಲ್ಲ ಪೀಕಲಾಟವೂ ಆ ಒಂದು ಶುಕ್ರವಾರಕ್ಕೇ ಬಂದು ಜೋತುಬಿದ್ದಿತ್ತು.

ಬುಧವಾರ ಸಂಜೆ ಕೆಲಸ ಮುಗಿದು ಅಳುವತ್ತೆ ಹೆಣಿಗೆ ಸುತ್ತಿಕೊಂಡು ಹೊರಟಳು. ಮೈಕಿನ ಕೋಣೆಯಲ್ಲಿ ಟೈಲರಕ್ಕ ಒಬ್ಬಳೇ ಹಾಳೆ ಜೋಡಿಸುತ್ತಿದ್ದಳು. ಗಾಜಿನ ಆಚೆ ಅವನು. ಮೈಕ್ ಇನ್ನೂ ಆರಿಸಿರಲಿಲ್ಲ, ಅವಳು ಆಡಿದ್ದು ಅವನಿಗೆ ಕೇಳುತ್ತದೆ. ಸ್ವಾಭಿಮಾನವನ್ನು ಒಂದು ನಿಮಿಷ ಪಕ್ಕಕ್ಕಿಟ್ಟು ಅವಳು ಮೈಕಿನ ಕಡೆ ತಿರುಗಿದಳು.

‘ಸಾರ್, ಶುಕ್ರವಾರ ಅವರಿಗೆ ಉತ್ತರ ಹೇಳ್ಬೇಕು. ನೀವೇನಂತೀರಿ?’

ಅವನು ತಲೆ ಎತ್ತಿದ. ಬೆರಳು ಕೆಂಪು ಗುಂಡಿಯ ತನಕ ಹೋಗಿ ಅಲ್ಲೇ ನಿಂತಿತು. ಒತ್ತಲಿಲ್ಲ. ಆದರೆ ಬಾಯಿ ಆಡಿತು. ಮೂರು ಬಾಯಿ. ದುಂಡು, ಮುಚ್ಚಿ, ತೆರೆದು, ಅಗಲ, ಇನ್ನೊಂದು ಅಗಲ. ಮೊದಲೇ ಬಾಯಲ್ಲಿ ಎಲ್ಲವನ್ನೂ ನುಂಗಿಕೊಂಡು ಮಾತಾಡುವ ಆಸಾಮಿ, ತುಟಿ ಬಿಚ್ಚಿದ್ದೇ ಒಂದು ದಾರದೆಳೆಯಷ್ಟು. ಆದರೂ ಹನ್ನೊಂದು ವರ್ಷದ ಕಣ್ಣು ಸುಮ್ಮನಿರುತ್ತದೆಯೇ? ಓದಿಬಿಟ್ಟಿತು.

ಹೋಗ್ಬಿಡಿ.

ಸೋಮವಾರ ಒಳ್ಳೇದು, ಬುಧವಾರ ಹೋಗ್ಬಿಡಿ. ಸರಿಯಾಗಿಯೇ ಇದೆಯಲ್ಲ, ಅಂದುಕೊಂಡಳು. ಕಣ್ಣು ಚುರುಚುರು ಅಂದಿತು. ಹಾಳೆಗಳನ್ನು ಅಂದಾಜಿಗೆ ಮಡಚಿ, ಹೊರಡೋಣ ಅಂತ ಬ್ಯಾಗು ಹುಡುಕಿದರೆ ಅದು ಕುರ್ಚಿಯ ಪಕ್ಕದಲ್ಲಿಲ್ಲ. ಬಾಗಿಲ ಹಿಂದೂ ಇಲ್ಲ. ಮೆಷಿನ್ ಕೋಣೆಗೆ ಹೋಗಿ ನೋಡಿದರೆ ಅವನ ತೊಡೆಯ ಮೇಲಿದೆ! ಬ್ಯಾಗಿನ ಪಟ್ಟಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಕೂತಿದ್ದಾನೆ.

‘ಎಸಿ ನೀರು ತೊಟ್ಟಿಕ್ತಿತ್ತು ಮೇಡಂ. ನೆನೆದು ಹೋಗುತ್ತೆ ಅಂತ ಎತ್ತಿಟ್ಕೊಂಡೆ’ ಅಂದ.

ಅವಳು ಎಳೆದಳು. ಬರಲಿಲ್ಲ. ಮತ್ತೆ ಎಳೆದಳು.

‘ಬಿಡಿ ಸಾರ್’ ಅಂದಳು, ಸ್ವಲ್ಪ ಜೋರಾಗಿಯೇ. ಆಗ ಬಿಟ್ಟ. ಅವಳು ಮೆಟ್ಟಿಲಿಳಿದು, ಹಾಸಿಗೆ ಅಂಗಡಿಯವನು ‘ನಮಸ್ಕಾರ ಅಕ್ಕಾ’ ಅಂದದ್ದಕ್ಕೂ ತಿರುಗಿ ನೋಡದೆ, ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಅತ್ತಳು. ಅಳುವತ್ತೆಯ ಲೆಕ್ಕದಲ್ಲಿ ಅದು ಬಿಕ್ಕಿ ಬಿಕ್ಕಿ ಅಳುವ ಜಾತಿಗೆ ಸೇರುತ್ತಿತ್ತು. ಎರಡು ಸ್ಟಾಪು ಮುಂದೆ ಹೋಗಿ ಇಳಿದಳು.

ಗುರುವಾರ ರಜೆ ಹಾಕಿದಳು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಆ ಹೀರೋನ ಮೂರು ಬಾಯಿಯನ್ನು ಮುಂದೆ ಹಿಂದೆ ಓಡಿಸಿ ಓಡಿಸಿ ನೋಡುತ್ತ ಕೂತಳು. ಅವಳ ತೀರ್ಮಾನ ಆಗಿಹೋಗಿತ್ತು. ‘ಹೋಗ್ಬಿಡು’ ಅಂತಲೇ ಬರೆಯುವುದು. ಗಂಡಸರೆಲ್ಲ ಅದನ್ನೇ ಹೇಳುವುದು, ಊರೆಲ್ಲ ಅಳಲಿ, ತಾನೊಬ್ಬಳೇ ಯಾಕೆ ಅಳಬೇಕು?

ಎದುರಿಗೆ ಒಗೆದ ಕರವಸ್ತ್ರಗಳನ್ನು ಮಡಚುತ್ತ ಕೂತಿದ್ದ ಅಮ್ಮ ಕತ್ತು ಚಾಚಿ ನೋಡಿದರು. ‘ಯಾರೇ ಇವನು? ಪಾಪ, ಓಡಿ ಬಂದು ಹೇಗೆ ಏದುಸಿರು ಬಿಡ್ತಿದ್ದಾನೆ. ಏನಂತಿದ್ದಾನೆ?’

‘ಹೋಗ್ಬಿಡು ಅಂತಿದ್ದಾನೆ.’

‘ಯಾರು ಹೇಳಿದ್ದು?’

‘ನಾನು ಹೇಳ್ತಿದ್ದೀನಿ. ಬಾಯಿ ನೋಡು, ಕಾಣಲ್ವಾ?’

ಅಮ್ಮ ಕನ್ನಡಕ ಹಾಕಿಕೊಂಡು ಬಂದು, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಒಂದು ಸಲ. ಎರಡು ಸಲ. ಆಮೇಲೆ ಮಗಳ ತಲೆಗೆ ಮೆಲ್ಲಗೆ ಮೊಟಕಿದರು.

‘ನಿನ್ನ ಬಾಯಿ ಲೆಕ್ಕಕ್ಕೆ ಬೆಂಕಿ ಹಾಕ. ಅವನ ಕೈ ನೋಡೇ! ಅವಳ ಪೆಟ್ಟಿಗೆ ಇನ್ನೂ ಅವನ ಕೈಯಲ್ಲೇ ಇದೆ. ಕಳಿಸೋ ಮನಸ್ಸಿದ್ದಿದ್ರೆ ಆಗಲೇ ಒಳಗೆ ಕೊಡ್ತಿರಲಿಲ್ವಾ? ಪೆಟ್ಟಿಗೆ ಹಿಡ್ಕೊಂಡು ಹೋಗ್ಬಿಡು ಅಂತ ಯಾವ ಗಂಡಸಾದ್ರೂ ಹೇಳ್ತಾನಾ? ಹಾಗೇನಾದ್ರೂ ನೀನು ಬರೆದ್ರೆ, ನಾನು ಹಾಲ್‌ನಿಂದ ಎದ್ದು ಬರೋಳೇ.’

ಟೈಲರಕ್ಕ ನೋಡಿದಳು. ಚಿತ್ರದ ಕೆಳಗಿನ ಅಂಚಿನಲ್ಲಿ ಹೀರೋಯಿನ್ನಿನ ಕಂದು ಪೆಟ್ಟಿಗೆ, ಅದರ ಹಿಡಿಯನ್ನು ಬಿಗಿಯಾಗಿ ಹಿಡಿದ ಹೀರೋನ ಬೆರಳುಗಳು. ಇನ್ನೂರು ಸಲವಾದರೂ ನೋಡಿದ್ದ ಚಿತ್ರ. ತುಟಿ ಬಿಟ್ಟು ಅವಳು ಬೇರೇನನ್ನೂ ನೋಡಿರಲಿಲ್ಲ.

ಬ್ಯಾಗಿನ ಪಟ್ಟಿ ನೆನಪಾಯಿತು. ಎರಡು ಸುತ್ತು ಸುತ್ತಿಕೊಂಡ ಕೈ ನೆನಪಾಯಿತು. ಎಳೆದರೂ ಬರಲಿಲ್ಲ. ಮೈಕಿನ ಕೋಣೆಯ ಎಸಿ ನೀರು ತೊಟ್ಟಿಕ್ಕುವುದು ಕಿಟಕಿ ಪಕ್ಕ, ಬಕೆಟ್ ಇಟ್ಟಿರುವ ಕಡೆ. ಅವಳ ಕುರ್ಚಿ ಇರುವುದು ಬಾಗಿಲ ಪಕ್ಕ. ಅಲ್ಲಿ ಆರು ವರ್ಷದಲ್ಲಿ ಒಂದು ಹನಿ ಬಿದ್ದದ್ದಿಲ್ಲ.

‘ಅಮ್ಮಾ’ ಅಂದಳು.

‘ಏನು?’

‘ಏನಿಲ್ಲ’ ಅಂದಳು. ಅಮ್ಮ ಅವಳ ಮುಖವನ್ನೇ ನೋಡುತ್ತ ಇನ್ನೊಂದು ಕರವಸ್ತ್ರ ಮಡಚಿದರು.

ಹಾಗಂತ ಅನುಮಾನ ಪೂರ್ತಿ ಹೋಯಿತೇ? ಇಲ್ಲ. ಪಟ್ಟಿ ಕೈಗೆ ಸಿಕ್ಕಿಕೊಂಡಿದ್ದಿರಬಹುದು. ಅವಳು ತನ್ನ ಆಸೆಯನ್ನೇ ಓದುತ್ತಿರಬಹುದು. ಒಂದು ಸ್ವರದ ಮೇಲೆ ಇಡೀ ಬದುಕು ನಿಂತಿತ್ತು, ಆ ಸ್ವರ ಕಿವಿಗೆ ಬೀಳದೆ ಅವಳು ನಂಬುವ ಹಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆ. ಹೀರೋ ದನಿಯವನು ಬರುವುದು ಎರಡು ಗಂಟೆಗೆ. ಅಳುವತ್ತೆ ಮೈಕಿನ ಕೋಣೆಯ ಮೂಲೆಯಲ್ಲಿ ಬಿಸಿನೀರು ಕುಡಿಯುತ್ತ, ಹೆಣೆಯುತ್ತ ತನ್ನ ಸರದಿಗೆ ಕಾಯುತ್ತಿದ್ದಳು. ಟೈಲರಕ್ಕ ಯಾವತ್ತೂ ಇಲ್ಲದ್ದು ಸೀದಾ ಮೆಷಿನ್ ಕೋಣೆಗೆ ನುಗ್ಗಿದಳು.

‘ಸಾರ್, ಆ ಕೊನೆ ಮಾತಿನ ಅಳತೆ ನೋಡ್ಬೇಕು. ಸ್ವಲ್ಪ ಒಳಗೆ ಹೋಗಿ ಮೈಕ್ ಮುಂದೆ ಹೇಳಿ.’

‘ನಾನಾ?’ ಅವನು ಹೌಹಾರಿದ. ‘ಮೆಷಿನ್ ಯಾರು ನೋಡ್ಕೋತಾರೆ ಮೇಡಂ?’

‘ನಾನು. ಕೆಂಪು ಗುಂಡಿ ಒತ್ತೋದು ತಾನೆ? ಆರು ವರ್ಷದಿಂದ ನೋಡ್ತಿದ್ದೀನಿ, ಅದೇನು ವಿಮಾನ ಹಾರಿಸೋ ಕೆಲಸಾನಾ?’

ಕೆಂಪು ಗುಂಡಿ ಎರಡಿದ್ದವು, ಒಂದು ಮಾತಾಡಲು, ಇನ್ನೊಂದು ರೆಕಾರ್ಡ್ ಮಾಡಲು. ಯಾವುದಕ್ಕೂ ಇರಲಿ ಅಂತ ಟೈಲರಕ್ಕ ಎರಡನ್ನೂ ಒತ್ತಿಟ್ಟುಕೊಂಡಳು. ಗಾಜಿನ ಆಚೆ, ಅವಳದೇ ಮೆತ್ತನೆ ದಿಂಬಿನ ಕುರ್ಚಿಯ ಪಕ್ಕ, ಅವನು ಬೂದು ಸ್ವೆಟರಿನಲ್ಲಿ ಇಂಗು ತಿಂದ ಮಂಗನ ಹಾಗೆ ನಿಂತ. ಎದುರಿಗೆ ಅವಳು ಇಟ್ಟಿದ್ದ ಹಾಳೆ. ಅದರ ಮೇಲೆ ದಪ್ಪಕ್ಷರದಲ್ಲಿ ಬರೆದದ್ದು ಇಷ್ಟೇ: ‘ಹೋಗ್ಬ ಡಿ.’ ‘ಬ’ದ ಮೇಲೆ ಏನೂ ಇಲ್ಲ. ಮುಂದೆ ಒಂದು ಅಕ್ಷರದಷ್ಟು ಜಾಗ ಖಾಲಿ.

ಅವನು ಹಾಳೆ ನೋಡಿದ. ಹಿಂದೆ ತಿರುಗಿಸಿ ನೋಡಿದ. ಮತ್ತೆ ಮುಂದೆ ತಿರುಗಿಸಿದ.

‘ಮೇಡಂ, ಇಲ್ಲಿ ಸ್ವರ ಬಿಟ್ಟು ಹೋಗಿದೆ.’

‘ಬಿಟ್ಟು ಹೋಗಿಲ್ಲ ಸಾರ್, ಬಿಟ್ಟಿದ್ದೀನಿ. ನೀವೇ ತುಂಬಿ.’

‘ಮತ್ತೆ ಇದು...’ ಅವನು ಗಂಟಲು ಸರಿಮಾಡಿಕೊಂಡ. ‘ಹೀರೋ ಪಿಕ್ಚರ್ ಪೂರ್ತಿ ಅವಳಿಗೆ ನೀನು, ಹೋಗೇ, ಬಾರೇ ಅಂತಾನೆ. ಕೊನೇಲಿ ಬಹುವಚನ ಯಾಕೆ? “ಡ” ಆಗ್ಬೇಕಲ್ವಾ?’

‘ಇದು ಹೀರೋದಲ್ಲ ಸಾರ್.’

ಮೂಲೆಯಲ್ಲಿ ಅಳುವತ್ತೆಯ ಹೆಣಿಗೆ ಕಡ್ಡಿ ನಿಂತುಹೋಯಿತು.

‘ಬುಧವಾರ ಸಂಜೆ ಒಬ್ಬರು ಗುಂಡಿ ಒತ್ತದೆ ಏನೋ ಹೇಳಿದ್ರು’ ಅಂದಳು ಟೈಲರಕ್ಕ. ‘ನಾನು ಒಂದು ಥರ ಓದ್ಕೊಂಡೆ. ಅದು ಇನ್ನೊಂದು ಥರಾನೂ ಇರಬಹುದು. ಹನ್ನೆರಡು ಗಂಟೆಗೆ ನಂಗೆ ಫೋನ್ ಬರುತ್ತೆ. ಅಷ್ಟರಲ್ಲಿ ಯಾವುದು ಅಂತ ಗೊತ್ತಾಗ್ಬೇಕು. ನೀವು “ಬಿ” ಅಂದ್ರೂ ಪರವಾಗಿಲ್ಲ. ಜೋರಾಗಿ ಹೇಳಿ, ಸಾಕು. ಬಾಯಿ ಓದಿ ಓದಿ ನಂಗೆ ಸಾಕಾಗಿದೆ.’

ಅವನು ಹಾಳೆಯನ್ನು ಸ್ಟ್ಯಾಂಡಿನ ಮೇಲಿಟ್ಟ. ಕಿವಿಯವರೆಗೂ ಕೆಂಪೇರಿದ್ದ. ಒಮ್ಮೆ ಬಾಗಿಲ ಕಡೆ ನೋಡಿದ, ಓಡಿಹೋಗುವ ಯೋಚನೆ ಬಂದಿರಲಿಕ್ಕೆ ಸಾಕು. ಆಮೇಲೆ ಗಾಜಿನ ಕಡೆ ತಿರುಗಿ, ಮೈಕಿಗೆ ಎಷ್ಟು ದೂರ ನಿಲ್ಲಬೇಕೋ ಅಷ್ಟೇ ದೂರ ನಿಂತು, ಆರು ವರ್ಷ ಬೇರೆಯವರಿಗೆ ಹೇಳಿಕೊಟ್ಟಿದ್ದನ್ನು ತಾನೂ ಪಾಲಿಸಿ ಉಸಿರು ಎಳೆದುಕೊಂಡ.

‘ಹೋಗ್ಬೇಡಿ.’

ಸ್ಪೀಕರಿನಲ್ಲಿ ಅದು ಕೋಣೆ ತುಂಬ ಬಂತು. ಒರಟು ದನಿ, ಅಭ್ಯಾಸವಿಲ್ಲದ್ದು, ನಡುವೆ ಸ್ವಲ್ಪ ಒಡೆದದ್ದು. ‘ಬೇ’ ಎಷ್ಟು ಉದ್ದ ಎಳೆಯಿತೆಂದರೆ ಯಾವ ಹೀರೋನ ಯಾವ ಬಾಯಿಗೂ ಅದು ಕೂರುತ್ತಿರಲಿಲ್ಲ.

ಟೈಲರಕ್ಕ ಮಾತು ಹುಡುಕಿದಳು. ಹನ್ನೊಂದು ವರ್ಷ ಊರಿಗೆಲ್ಲ ಹೊಲಿದುಕೊಟ್ಟ ಮಾತುಗಳಲ್ಲಿ ಒಂದೂ ಕೈಗೆ ಸಿಗಲಿಲ್ಲ. ಕಣ್ಣು ಒರೆಸಿಕೊಂಡು, ಗುಂಡಿಯನ್ನು ಮತ್ತೊಮ್ಮೆ ಒತ್ತಿ, ನಾಲಿಗೆಗೆ ಬಂದದ್ದನ್ನು ಹೇಳಿದಳು.

‘ಇನ್ನೊಂದ್ಸಲ.’

ಅವನು ನಕ್ಕುಬಿಟ್ಟ. ಆರು ವರ್ಷದಲ್ಲಿ ಅವನ ಹಲ್ಲು ನೋಡಿದ್ದು ಅದೇ ಮೊದಲು. ‘ಹೋಗ್ಬೇಡಿ’ ಅಂದ. ‘ಬುಧವಾರ ಹೇಳಿದ್ದೂ ಇದೇ. ಹೋಗ್ಬೇಡಿ ಮೇಡಂ.’

‘ಮತ್ತೆ ಗುಂಡಿ ಯಾಕೆ ಒತ್ತಲಿಲ್ಲ?’

‘ಒತ್ತಿದ್ರೆ ನಿಮಗೆ ಕೇಳಿಸ್ತಿತ್ತಲ್ಲ’ ಅಂದ, ಇದಕ್ಕಿಂತ ದೊಡ್ಡ ಕಾರಣ ಬೇಕೇ ಅನ್ನುವ ಹಾಗೆ. ‘ಅಷ್ಟು ಒಳ್ಳೆ ಕೆಲಸ, ಅಷ್ಟು ಸಂಬಳ. ನಾನ್ಯಾರು ಅಡ್ಡ ಬರೋಕೆ ಅನ್ನಿಸ್ತು. ಬಾಯಿ ಸುಮ್ಮನಿರಲಿಲ್ಲ. ನೀವು ಓದ್ತೀರಿ ಅಂತ ನೆನಪಾಗೋ ಹೊತ್ತಿಗೆ ಆಡಿಬಿಟ್ಟಿದ್ದೆ.’

ಅಷ್ಟರಲ್ಲಿ ಮೂಲೆಯಿಂದ ಒಂದು ಸದ್ದು ಬಂತು. ಅಳುವತ್ತೆ. ಮುಸಿಮುಸಿಯೂ ಅಲ್ಲ, ಬಿಕ್ಕಿ ಬಿಕ್ಕಿಯೂ ಅಲ್ಲ, ಗೋಳೋ ಅಂತಲೂ ಅಲ್ಲ. ಬಿಕ್ಕಳಿಕೆ, ಸೀನು, ನಗು ಎಲ್ಲ ಕಲಸಿಕೊಂಡ ಅಳತೆಗೆಟ್ಟ ಅಳು. ಮೊಮ್ಮಗುವಿನ ಸ್ವೆಟರಿಗೇ ಮೂಗು ಒರೆಸಿಕೊಂಡಳು.

‘ಕ್ಷಮಿಸ್ರಪ್ಪ, ಮೈಕಿಗೆ ಬಂತೇನೋ’ ಅಂದಳು.

ಹನ್ನೆರಡು ಗಂಟೆಗೆ ಫೋನ್ ಬಂತು. ಟೈಲರಕ್ಕ ಮೂರೇ ಬಾಯಲ್ಲಿ ಮುಗಿಸಿದಳು: ‘ಬರಲ್ಲ.’ ಆಚೆಯವರು ಕಾರಣ ಕೇಳಿದರು. ಅಳತೆ ತೆಗೆಯದೆ ಹೊಲಿಯುವುದು ತನಗೆ ಬರುವುದಿಲ್ಲ ಅಂದಳು. ಅದೂ ಸುಳ್ಳಾಗಿರಲಿಲ್ಲ.

ಎರಡು ಗಂಟೆಗೆ ಯಜಮಾನರೂ ಹೀರೋ ದನಿಯವನೂ ಒಟ್ಟಿಗೇ ಬಂದರು. ಹೀರೋ ದನಿಯವನು ಎಂಟು ಸಲ ‘ಹೋಗ್ಬೇಡ’ ಅಂದ. ಎಂಟೂ ಸಲ ಅಂಗಡಿಯವನು ಗಿರಾಕಿಯನ್ನು ವಾಪಸ್ ಕರೆದ ಹಾಗಿತ್ತು. ಬೇಸತ್ತ ಯಜಮಾನರು ಹಳೆಯದೇನಾದರೂ ಇದೆಯೇ ಅಂತ ಮೆಷಿನ್ ತಡಕಾಡಿದಾಗ ಬೆಳಗಿನದು ಸಿಕ್ಕಿತು.

ಕೇಳಿದರು. ಕಿವಿಗೆ ಹಾಕಿದ್ದನ್ನು ತೆಗೆದರು.

‘ಯಾರಯ್ಯಾ ಇದು? ಕರುಳು ಕಿತ್ತು ಬಂದ ಹಾಗಿದೆ! ಇದನ್ನೇ ಹಾಕಿ. “ಬೇ” ಉದ್ದ ಆಯ್ತು, ಎರಡು ಕಡೆ ಚಿವುಟಿದ್ರೆ ಕೂರುತ್ತೆ. ಆ ಕೊನೆ “ಡಿ” ಒಂದು ತೆಗೆದು “ಡ” ಅಂಟಿಸ್ಬಿಡಿ. ಹೀರೋ ಹೀರೋಯಿನ್‌ಗೆ ಬಹುವಚನ ಹಾಕಿದ್ರೆ ಜನ ನಗ್ತಾರೆ. ಏನಂತೀಯ ಟೈಲರಮ್ಮ?’

ರೆಕಾರ್ಡಿಸ್ಟ್ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡುವುದರಲ್ಲಿ ಮುಳುಗಿಹೋಗಿದ್ದ. ಮುಚ್ಚಳ ಆಗಲೇ ಬಿಗಿಯಾಗಿತ್ತು.

ಒಂದು ಮುಚ್ಚು ಆಚೀಚೆಯಾದರೆ ಮೂರು ದಿನ ಮುಖ ಗಂಟಿಕ್ಕಿಕೊಳ್ಳುತ್ತಿದ್ದವಳು ಟೈಲರಕ್ಕ. ತಪ್ಪು ಎದ್ದು ಕಾಣುತ್ತಿದೆ. ಹೆಸರಿನ ಪಟ್ಟಿಯಲ್ಲಿ ‘ಸಂಭಾಷಣೆ’ ಅಂತ ಬರುವುದು ಅವಳ ಹೆಸರೇ.

‘ಇರ್ಲಿ ಬಿಡಿ ಸಾರ್. ಒಂದಕ್ಷರಾನೂ ಮುಟ್ಬೇಡಿ’ ಅಂದಳು.

ಹಲ್ಲು ಬಿಡುವ ಪೋಸ್ಟರೇ ಗೋಡೆಗೆ ಹತ್ತಿತು. ಮೊದಲ ವಾರದ ಮಧ್ಯಾಹ್ನದ ಆಟಕ್ಕೆ ಅಮ್ಮ, ನಾಲ್ಕು ಜನ ಗೆಳತಿಯರು, ಟೈಲರಕ್ಕ, ಅವಳ ಪಕ್ಕ ಬೂದು ಸ್ವೆಟರು. ಮೊದಲರ್ಧ ಹಾಲ್ ನಕ್ಕಿತು. ಎರಡನೇ ಅರ್ಧ ಕರವಸ್ತ್ರಗಳು ಒಂದೊಂದೇ ಹೊರಬಂದವು. ರೈಲು ಬಂತು. ಕಿಟಕಿ ಬಂತು. ಹೀರೋ ಓಡಿ ಬಂದು, ಪೆಟ್ಟಿಗೆ ಹಿಡಿದು ನಿಂತು, ಎರಡೂಕಾಲು ಗಂಟೆ ಆಡಿದ ದನಿ ಬಿಟ್ಟು ಬೇರೊಂದು ಒರಟು ದನಿಯಲ್ಲಿ ‘ಹೋಗ್ಬೇಡಿ’ ಅಂದ. ಬೂದು ಸ್ವೆಟರು ಕುರ್ಚಿಯಲ್ಲಿ ಕುಸಿದು ಕುಸಿದು ಕಾಣದ ಹಾಗಾಯಿತು. ಟೈಲರಕ್ಕ ಕತ್ತಲಲ್ಲಿ ಅವನ ತೋಳು ಹಿಡಿದು ಮೇಲೆಳೆದಳು, ಆಮೇಲೆ ಬಿಡಲಿಲ್ಲ.

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಜೋರಾಗಿಯೇ ಅತ್ತಳು. ಹೀರೋಯಿನ್ ಎದ್ದು ನಿಂತಳು, ಪರದೆ ಬೆಳ್ಳಗಾಯಿತು.

‘ಇಳಿದೇ ಇಳೀತಾಳೆ’ ಅಂದರು ಅಮ್ಮನ ಗೆಳತಿಯೊಬ್ಬರು ಮೂಗು ಒರೆಸಿಕೊಳ್ಳುತ್ತ. ‘ಅಷ್ಟು ಹೊತ್ತು ಹೋಗೇ ಬಾರೇ ಅಂತಿದ್ದವನು ಕೊನೆಗಾದ್ರೂ ಮರ್ಯಾದೆ ಕೊಟ್ಟು ಮಾತಾಡಿದ್ನಲ್ಲ, ಅದಕ್ಕೇ. ಆದ್ರೂ ಒಂದು ಅರ್ಥ ಆಗ್ಲಿಲ್ಲ ಕಣ್ರೀ, ಇದ್ದಕ್ಕಿದ್ದ ಹಾಗೆ ಅವನ ದನಿ ಯಾಕೆ ಹಾಗಾಯ್ತು?’

ಅಮ್ಮ ಮೂರನೇ ಕರವಸ್ತ್ರವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು.

‘ಸ್ವಲ್ಪ ಮೆಲ್ಲಗೆ ಮಾತಾಡಿ’ ಎಂದರು. ‘ಅದು ನಮ್ಮ ಅಳಿಯಂದಿರ ದನಿ. ಅವರು ಹೇಳಿದ್ದು ನನ್ನ ಮಗಳಿಗೆ.’